ಹತ್ತಿ ಆರುವ ಎಚ್ಚರಿಕೆ ದೀಪಗಳ ಬೆನ್ನು ಹತ್ತಿದ ಅನುಭವ

ಕಳೆದ ಬೇಸಿಗೆಯಲ್ಲಿ ವಿಜಯಪುರದಲ್ಲಿ ನಾನು ಹತ್ತು ವರ್ಷ ಹಳೆಯದಾದ, ಸುಮಾರು 82,000 ಕಿಲೋಮೀಟರ್ ಓಡಿದ ಸಣ್ಣ ಪೆಟ್ರೋಲ್ ಕಾರೊಂದನ್ನು ಕೊಂಡೆ. ಮೂರನೆಯ ದಿನ ಸಂಜೆ ಗೋಳಗುಮ್ಮಟದ ಹತ್ತಿರ ಗಾಡಿ ತಿರುಗಿಸುತ್ತಿದ್ದಾಗ ಡ್ಯಾಶ್‌ಬೋರ್ಡಿನಲ್ಲಿ ಸ್ಟೇರಿಂಗ್ ದೀಪವೂ ಎಬಿಎಸ್ (ಜೋರಾಗಿ ಬ್ರೇಕು ಒತ್ತಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ವ್ಯವಸ್ಥೆ) ದೀಪವೂ ಒಟ್ಟಿಗೆ ಹತ್ತಿದವು; ಇಂಜಿನ್ ಆರಿಸಿ ಮತ್ತೆ ಚಾಲೂ ಮಾಡಿದರೆ ಎರಡೂ ಇರಲಿಲ್ಲ. ಗ್ಯಾರೇಜಿಗೆ ಒಯ್ದಾಗಲೆಲ್ಲ ಅವು ಹತ್ತುತ್ತಲೇ ಇರಲಿಲ್ಲ. ಆದರೂ ಒಬ್ಬ ಮೆಕ್ಯಾನಿಕ್ "ಎಬಿಎಸ್ ಮಾಡ್ಯೂಲ್ ಹೋಗೇದ್ರಿ, ಬ್ಯಾರೇದು ಹಾಕಬೇಕು" ಎಂದರು. ಎಬಿಎಸ್ಸನ್ನು ನಿಯಂತ್ರಿಸುವ ಆ ಘಟಕ ಕೆಟ್ಟಿದ್ದರೆ ಸ್ಟೇರಿಂಗ್ ದೀಪ ಏಕೆ ಹತ್ತುತ್ತದೆ ಎಂಬ ನನ್ನ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲವಾದ್ದರಿಂದ, ಅಷ್ಟು ದುಬಾರಿ ಭಾಗವನ್ನು ಊಹೆಯ ಮೇಲೆ ಬದಲಿಸಲು ನಾನು ಒಪ್ಪಲಿಲ್ಲ.

ಗಾಡಿಯಲ್ಲಿ ಒಂದು ನೋಟ್‌ಬುಕ್ ಇಟ್ಟು, ದೀಪ ಹತ್ತಿದಾಗಲೆಲ್ಲ ಸಮಯ, ವೇಗ, ಸ್ಟೇರಿಂಗ್ ತಿರುಗಿಸುತ್ತಿದ್ದೆನೇ, ಹೆಡ್‌ಲೈಟ್ ಮತ್ತು ಎಸಿ ಚಾಲೂ ಇದ್ದವೇ ಎಂಬುದನ್ನು ಗಾಡಿ ನಿಲ್ಲಿಸಿ ಬರೆದುಕೊಳ್ಳತೊಡಗಿದೆ. ಎರಡು ವಾರಗಳಲ್ಲಿ ಒಂಬತ್ತು ಸಲ ಹತ್ತಿದ್ದವು. ಬಾಗಲಕೋಟೆಗೆ ಹೋಗುವಾಗ ಕೊಲ್ಹಾರದ ಕೃಷ್ಣಾ ಸೇತುವೆಯ ಮೇಲೆ ನೇರವಾಗಿ ಓಡಿಸುವಾಗ ಒಮ್ಮೆಯೂ ಹತ್ತಿರಲಿಲ್ಲ. ಒಂಬತ್ತರಲ್ಲಿ ಎಂಟು ಸಲ ನಿಧಾನವಾಗಿ ಗಾಡಿ ಹೊರಳಿಸುವಾಗ, ಅದರಲ್ಲೂ ಕತ್ತಲಾದ ಮೇಲೆ ಹತ್ತಿದ್ದವು. ನನ್ನ ಮಟ್ಟಿಗೆ ಈ ಬರಹವೇ ಎಲ್ಲ ಉಪಕರಣಗಳಿಗಿಂತ ಹೆಚ್ಚಿನ ಕೆಲಸ ಮಾಡಿತು. ವಿದ್ಯುತ್ ಸ್ಟೇರಿಂಗಿನ ಮೋಟಾರು ನಿಂತ ಗಾಡಿಯ ಚಕ್ರಗಳನ್ನು ತಿರುಗಿಸುವಾಗ ಹತ್ತಾರು ಆಂಪಿಯರ್ ಕರೆಂಟನ್ನು ಒಮ್ಮೆಲೇ ಎಳೆಯುತ್ತದೆ; ಕತ್ತಲಾದ ಮೇಲೆ ಹೆಡ್‌ಲೈಟಿನ ಹೊರೆಯೂ ಸೇರುತ್ತದೆ. ಇಂಜಿನ್ನಿನ ಬಲದಿಂದ ಕರೆಂಟು ಉತ್ಪಾದಿಸುವ ಆಲ್ಟರ್ನೇಟರ್ ಅಷ್ಟು ಬೇಗ ಹೊಂದಿಕೊಳ್ಳಲಾರದು, ಆ ಕ್ಷಣದ ಕೊರತೆಯನ್ನು ಬ್ಯಾಟರಿ ತುಂಬಬೇಕು. ಬ್ಯಾಟರಿಯ ಜೋಡಣೆ ಸಡಿಲವಿದ್ದರೆ ವೋಲ್ಟೇಜ್ ಕುಸಿದು, ಸಂಬಂಧವಿಲ್ಲದ ಎರಡು ಮೂರು ವ್ಯವಸ್ಥೆಗಳು ಒಟ್ಟಿಗೆ ದೂರು ಹೇಳುತ್ತವೆ.

ಕಾರಿನ ಕಂಪ್ಯೂಟರುಗಳು ದೋಷ ಕಂಡಾಗ ದಾಖಲಿಸುವ ಕೋಡುಗಳನ್ನು, ಎಬಿಎಸ್ ಮತ್ತು ಸ್ಟೇರಿಂಗಿನವನ್ನೂ ಸೇರಿಸಿ, ಓದುವ ಸ್ಕ್ಯಾನರನ್ನು ಪರಿಚಯದವರಿಂದ ತಂದೆ, ಏಕೆಂದರೆ ಅಗ್ಗದ ಬ್ಲೂಟೂತ್ ಸ್ಕ್ಯಾನರುಗಳು ಸಾಮಾನ್ಯವಾಗಿ ಇಂಜಿನ್ನಿನ ಕೋಡುಗಳನ್ನಷ್ಟೇ ತೋರಿಸುತ್ತವೆ. ಎರಡೂ ಕಡೆ ವೋಲ್ಟೇಜ್ ಕಡಿಮೆಯಾದ ದಾಖಲೆಯೇ ಇತ್ತು. ಇಂಜಿನ್ ಆರಿಸಿದಾಗ ಬ್ಯಾಟರಿ 12.6 ವೋಲ್ಟ್, ಚಾಲೂ ಇದ್ದಾಗ 14.1 ವೋಲ್ಟ್ ತೋರಿಸಿತು. ಎರಡೂ ಸರಿಯಾದ ಅಂಕಿಗಳೇ. ಆಮೇಲೆ ವೋಲ್ಟೇಜ್ ಅಳೆಯುವ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬದ ಸೀಸದ ಮೇಲೂ ಇನ್ನೊಂದನ್ನು ಅದೇ ಕಂಬವನ್ನು ಹಿಡಿದಿದ್ದ ಟರ್ಮಿನಲ್ಲಿನ ಮೇಲೂ ಇಟ್ಟು, ತಮ್ಮನಿಗೆ ಸ್ಟೇರಿಂಗ್ ತಿರುಗಿಸಲು ಹೇಳಿದೆ. ಒಂದಕ್ಕೊಂದು ಅಂಟಿಕೊಂಡಿರುವ ಆ ಎರಡು ಲೋಹಗಳ ನಡುವೆ ಬಹುತೇಕ ಸೊನ್ನೆ ಬರಬೇಕು, ನನಗೆ 0.9 ವೋಲ್ಟ್ ಬಂತು. ಟರ್ಮಿನಲ್ ಬಿಚ್ಚಿದಾಗ ಕಂಬಕ್ಕೆ ಸುತ್ತಿದ್ದ ಡಬ್ಬಿಯ ತಗಡಿನ ಚೂರೊಂದು ಕೈಗೆ ಬಂತು. ಯಾರೋ ತೆಳುಗಂಬದ ಬ್ಯಾಟರಿ ಹಾಕಿ, ದೊಡ್ಡ ಟರ್ಮಿನಲ್ಲಿನ ಸಂದು ತುಂಬಲು ಆ ತಗಡನ್ನು ತುರುಕಿದ್ದರು. ಅದರ ಒಳಮೈ ಕಪ್ಪಾಗಿ, ಅಂಚಿನಲ್ಲಿ ಬಿಳಿ ಪುಡಿ ಕಟ್ಟಿತ್ತು. ಕಂಬಕ್ಕೆ ಸರಿಹೊಂದುವ ಟರ್ಮಿನಲ್ ಹಾಕಿಸಿ, ನೆಗೆಟಿವ್ ವೈರು ಕಾರಿನ ಲೋಹದ ಮೈಗೆ ಕೂಡುವ ಅರ್ಥ್ ಬೋಲ್ಟನ್ನು ಮರಳುಕಾಗದದಿಂದ ಉಜ್ಜಿ ಬಿಗಿ ಮಾಡಿ, ಕೊನೆಗೆ ವ್ಯಾಸಲೀನ್ ಹಚ್ಚಿದೆ. ಸ್ಟೇರಿಂಗ್ ದೀಪ ಅಂದಿನಿಂದ ಹತ್ತಿಲ್ಲ.

ಮಳೆಗಾಲದಲ್ಲಿ ಎಬಿಎಸ್ ದೀಪವೊಂದೇ ಮರಳಿ ಬಂತು. ಈ ಸಲ ಕೋಡು ಸಿ0035, ಅಂದರೆ ಎಡ ಮುಂಚಕ್ರದ ವೇಗ ಅಳೆಯುವ ಸೆನ್ಸರಿನದು. ಸಾಮಾನ್ಯ ಬ್ರೇಕು ಕೆಲಸ ಮಾಡುತ್ತಿದ್ದರೂ ಜೋರಾಗಿ ಒತ್ತಿದರೆ ಚಕ್ರ ಬಿಗಿದು ಜಾರಬಹುದಾದ್ದರಿಂದ, ಗಾಡಿಯನ್ನು ನಿಧಾನವಾಗಿ ಮನೆಗೆ ತಂದೆ. ಹೊಲದ ದಾರಿಯ ಎರೆಮಣ್ಣು ಚಕ್ರದ ಒಳಬದಿಯಲ್ಲಿ ಗಟ್ಟಿಯಾಗಿ ಮೆತ್ತಿ, ಕ್ಲಿಪ್ಪು ಕಳಚಿಹೋಗಿದ್ದ ಸೆನ್ಸರ್ ವೈರನ್ನು ಕೆಳಗೆ ಜಗ್ಗುತ್ತಿತ್ತು. ತಮ್ಮ ಮೆಲ್ಲಗೆ ಗಾಡಿ ಓಡಿಸುವಾಗ ನಾನು ಸ್ಕ್ಯಾನರಿನಲ್ಲಿ ನಾಲ್ಕೂ ಚಕ್ರಗಳ ವೇಗ ನೋಡಿದೆ; ಬಲಕ್ಕೆ ಹೊರಳಿದಾಗೊಮ್ಮೆ ಎಡ ಚಕ್ರದ ಅಂಕಿ ಸೊನ್ನೆಗೆ ಬೀಳುತ್ತಿತ್ತು. ಹೊರಗೆ ಸರಿಯಾಗಿ ಕಂಡ ವೈರಿನ ತಾಮ್ರ ಒಳಗೇ ತುಂಡಾಗಿತ್ತು. ಸೆನ್ಸರನ್ನು ವೈರ್ ಸಮೇತ ಬದಲಿಸಿ, ಹೊಸ ಕ್ಲಿಪ್ಪಿನಿಂದ ವೈರನ್ನು ಮೇಲೆತ್ತಿ ಕಟ್ಟಿದೆ. ಆ ದಾರಿಯಲ್ಲಿ ಹೋಗಿಬಂದಾಗಲೆಲ್ಲ ಚಕ್ರದ ಒಳಬದಿಗೆ ಮೆತ್ತಿದ ಮಣ್ಣನ್ನು ಮರುದಿನ ಬೆಳಿಗ್ಗೆ ತೊಳೆಯುತ್ತೇನೆ.