ಶುಕ್ರವಾರದ ಸಿನಿಮಾ, ಭಾನುವಾರದ ಮೆಗಾಬ್ಲಾಕ್

ನಾವಿರೋದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ಮನೆಯಲ್ಲಿ ಐದು ಜನ. ನಾನು, ನಮ್ಮವರು, ಅತ್ತೆ, ಏಳನೇ ಕ್ಲಾಸಿನ ಮಗಳು, ಎರಡನೇ ಕ್ಲಾಸಿನ ಮಗ. ಊರು ಕುಂದಾಪುರದ ಕಡೆ. ಒಳ್ಳೆ ಕನ್ನಡ ಸಿನಿಮಾ ಬಂದರೆ ಅದು ಬಂದ ವಾರವೇ ಐದೂ ಜನ ಒಟ್ಟಿಗೆ ಹೋಗಿ ನೋಡಬೇಕು ಅಂತ ನಾನು ಪಟ್ಟು ಹಿಡಿದು ಕೆಲವು ವರ್ಷ ಆಯ್ತು. ಪ್ರತಿ ವಾರ ಆಗೋದಿಲ್ಲ, ತಿಂಗಳಿಗೆ ಒಂದಾದರೆ ಹೆಚ್ಚು. ಆದರೆ ಆ ಒಂದಕ್ಕೆ ಮಂಗಳವಾರದಿಂದಲೇ ತಯಾರಿ ಬೇಕು. ಬೆಂಗಳೂರಿನಲ್ಲಿರುವ ತಂಗಿಗೆ ಇದನ್ನು ಹೇಳಿದರೆ ಆಶ್ಚರ್ಯ. ಅವಳ ಮನೆ ಹತ್ತಿರ ಬೆಳಿಗ್ಗೆಯಿಂದ ರಾತ್ರಿವರೆಗೆ ಶೋ. ನಮಗೆ ಥಾಣೆಯಲ್ಲಿ ಒಂದು, ನವಿ ಮುಂಬೈಯಲ್ಲಿ ಒಂದು, ಅಂಧೇರಿ ಕಡೆ ಒಂದು ಸಿಕ್ಕಿದರೆ ಆ ವಾರ ಪುಣ್ಯ.

ಇದು ಶುರುವಾದದ್ದು 2022ರಲ್ಲಿ, ನನ್ನದೇ ತಪ್ಪಿನಿಂದ. ‘ಕಾಂತಾರ’ ಕನ್ನಡದಲ್ಲಿ ಸೆಪ್ಟೆಂಬರ್ 30ಕ್ಕೆ ಬಂತು. ಆಗ ನವರಾತ್ರಿ, ಮನೆ ತುಂಬ ನೆಂಟರು, ಅದರ ಬೆನ್ನಿಗೇ ಮಗಳ ಪರೀಕ್ಷೆ. ಹೋಗೋಕೆ ಆಗಲಿಲ್ಲ. ಅಕ್ಟೋಬರ್ 14ಕ್ಕೆ ಹಿಂದಿಯಲ್ಲಿ ಬಂದ ಮೇಲೆ ಹತ್ತಿರದಲ್ಲೇ ಶೋ ಸಿಕ್ಕಿತು. ನಾನು ಅಡುಗೆ ಮಾಡುತ್ತಾ ಒಂದು ಕೈಯಲ್ಲಿ ಫೋನ್ ಹಿಡಿದು, ಭಾಷೆ ಯಾವುದು ಅಂತ ನೋಡದೆ, ಟಿಕೆಟ್ ಬುಕ್ ಮಾಡಿಬಿಟ್ಟೆ. ಪರದೆಯ ಮೇಲೆ ಕಂಬಳದ ಕೋಣ ಕಂಡ ಕೂಡಲೇ ಅತ್ತೆ ಮುಂದೆ ಬಾಗಿ ಕೂತರು. ಆದರೆ ಆ ಜನ ಮಾತಾಡಿದ್ದು ಹಿಂದಿ. ಅತ್ತೆ ಒಂದು ಮಾತೂ ಆಡದೆ ಕೊನೆವರೆಗೆ ಕೂತಿದ್ದರು. ರಿಕ್ಷಾದಲ್ಲಿ ಬರುವಾಗ ಮಾತ್ರ, “ಚಂದ ಇತ್ತ್ ಮಗಾ. ಅವ್ರ್ ಹಿಂದಿ ಮಾತಾಡುದ್ ಎಂತಕ್ಕೆ?” ಅಂದರು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ನಲವತ್ತು ವರ್ಷದಿಂದ ಈ ಊರಲ್ಲಿ ಎಲ್ಲರ ಭಾಷೆಗೂ ಹೊಂದಿಕೊಂಡು ಬಂದ ಹೆಂಗಸು, ಅವರ ಊರಿನ ಮಾತು ಪರದೆ ಮೇಲೆ ಬಂದ ದಿನ ಅದು ಅವರಿಗೆ ಕೇಳಿಸಲಿಲ್ಲ ಅಲ್ವಾ.

ಮುಂದಿನ ಭಾನುವಾರ ಥಾಣೆಗೆ ಹೋಗಿ ಅದನ್ನೇ ಕನ್ನಡದಲ್ಲಿ ಮತ್ತೆ ನೋಡಿದೆವು. ಅತ್ತೆ ಒಂದೊಂದು ಮಾತಿಗೂ ನನ್ನ ಕೈ ಒತ್ತುತ್ತಿದ್ದರು. “ಇದ್ ನಮ್ ಭಾಷಿ ಅಲ್ದಾ!” ಅಂತ ಸ್ವಲ್ಪ ಜೋರಾಗೇ ಹೇಳಿದರು. ಮುಂದಿನ ಸಾಲಿನವರು ತಿರುಗಿ ನೋಡಿ ನಕ್ಕರು. ಅವರೂ ನಮ್ಮ ಕಡೆಯವರೇ.

ಅಲ್ಲಿಂದ ನಾನು ಕಲಿತ ಮೊದಲ ಪಾಠ, ಆ್ಯಪಿನಲ್ಲಿ ಸಿನಿಮಾ ಹೆಸರು ನೋಡೋದಕ್ಕಿಂತ ಮುಂಚೆ ಭಾಷೆ ಆರಿಸಿಕೊಳ್ಳೋದು. ಒಂದೇ ಸಿನಿಮಾ ನಾಲ್ಕೈದು ಭಾಷೆಯಲ್ಲಿ ಬರುವ ಕಾಲ ಇದು, ಪೋಸ್ಟರ್ ಎಲ್ಲ ಒಂದೇ ಥರ. ಟಿಕೆಟ್ ಬಂದ ಮೇಲೆ ಅದರಲ್ಲೂ ‘ಕನ್ನಡ’ ಅಂತ ಇದೆಯಾ ಅಂತ ಇನ್ನೊಂದು ಸಲ ನೋಡುತ್ತೇನೆ.

ಮಂಗಳವಾರ ಈ ವಾರ ಏನೇನು ಬರ್ತಿದೆ ಅಂತ ನೋಡಿ ಇಟ್ಟುಕೊಳ್ಳುತ್ತೇನೆ, ಅಷ್ಟೇ. ಆಗ ಮುಂಬೈಗೆ ಶೋ ಹಾಕಿರುವುದೇ ಇಲ್ಲ. ನಮ್ಮ ಕಡೆ ಕನ್ನಡದ ಶೋ ಗೊತ್ತಾಗೋದು ಬುಧವಾರ ಸಂಜೆ, ಕೆಲವು ಸಲ ಗುರುವಾರ ರಾತ್ರಿ. ಅದೇ ಶುಕ್ರವಾರ ದೊಡ್ಡ ಹಿಂದಿ ಸಿನಿಮಾ ಇದ್ದರೆ ಪರದೆಯೆಲ್ಲ ಅದಕ್ಕೇ ಹೋಗುತ್ತದೆ, ನಮಗೆ ಉಳಿಯೋದು ಬೆಳಿಗ್ಗೆಯ ಶೋ. ನನಗೆ ಅದೇ ಒಳ್ಳೆಯದು. ಬೆಳಿಗ್ಗೆ ಟಿಕೆಟ್ ದರ ಕಡಿಮೆ ಇರುತ್ತದೆ, ಮಧ್ಯಾಹ್ನದೊಳಗೆ ಮನೆ ಸೇರಬಹುದು, ಮಕ್ಕಳ ಹೋಂವರ್ಕಿಗೂ ಸಮಯ ಉಳಿಯುತ್ತದೆ.

ಆಮೇಲೆ ಸೆನ್ಸಾರ್ ಸರ್ಟಿಫಿಕೇಟ್ ನೋಡಬೇಕು. ಮೊದಲೆಲ್ಲ ಬರೀ ಯುಎ ಅಂತ ಇರುತ್ತಿತ್ತು, ಅದರಿಂದ ನಮಗೆ ಏನೂ ಗೊತ್ತಾಗುತ್ತಿರಲಿಲ್ಲ. 2024ರಿಂದ ಯುಎ 7+, 13+, 16+ ಅಂತ ಬೇರೆ ಬೇರೆ ಮಾಡಿದ್ದಾರೆ. ಆ ವಯಸ್ಸಿಗಿಂತ ಚಿಕ್ಕವರು ನೋಡಬಹುದೋ ಬೇಡವೋ ಅಂತ ಅಪ್ಪ ಅಮ್ಮ ತೀರ್ಮಾನ ಮಾಡಬೇಕು. 16+ ಅಂತ ಕಂಡರೆ ನಾನು ಮಗನನ್ನು ಕರೆದುಕೊಂಡು ಹೋಗೋದಿಲ್ಲ. ಅಂಥದ್ದನ್ನು ನಮ್ಮವರೂ ನಾನೂ ಟಿವಿಯಲ್ಲಿ ಬಂದಾಗ ನೋಡುತ್ತೇವೆ. ಕನ್ನಡ ಸಿನಿಮಾ ಎಷ್ಟೋ ಸಲ ಒಂದು ತಿಂಗಳೊಳಗೆ ಒಟಿಟಿಗೆ ಬಂದುಬಿಡುತ್ತದೆ.

ಹಾಗಿದ್ದರೆ ಎಲ್ಲವನ್ನೂ ಟಿವಿಯಲ್ಲೇ ನೋಡಬಾರದಾ ಅಂತ ನಮ್ಮವರೇ ಕೇಳಿದ್ದರು. ಐದು ಟಿಕೆಟ್, ಇಂಟರ್ವಲ್ ಪಾಪ್‌ಕಾರ್ನ್, ರಿಕ್ಷಾ, ಲೆಕ್ಕ ಹಾಕಿದರೆ ಅವರ ಮಾತು ಸರಿ. 100 ರೂಪಾಯಿ ಮೀರಿದ ಟಿಕೆಟಿಗೆ ಜಿಎಸ್‌ಟಿಯೇ 18 ಪರ್ಸೆಂಟ್. ಆದರೆ ಟಿವಿ ಮುಂದೆ ನಮ್ಮ ಮನೆ ಮಂದಿ ಕೂರೋದೇ ಬೇರೆ ಥರ. ಮಗಳ ಕೈಯಲ್ಲಿ ಫೋನ್, ಮಗ ಸೋಫಾ ಹತ್ತಿ ಇಳಿಯುತ್ತಾನೆ, ನಾನು ಕುಕ್ಕರ್ ಸೀಟಿ ಎಣಿಸುತ್ತಿರುತ್ತೇನೆ. ಥಿಯೇಟರಿನ ಕತ್ತಲಲ್ಲಿ ಎರಡೂವರೆ ಗಂಟೆ ಐದೂ ಜನರ ಕಿವಿಗೆ ಬೀಳೋದು ಕನ್ನಡ ಒಂದೇ. ಶಾಲೆಯಲ್ಲಿ ಇಂಗ್ಲಿಷು, ಮರಾಠಿ, ಕೆಳಗೆ ಆಡುವಾಗ ಹಿಂದಿ, ಇನ್ನು ಈ ಮಕ್ಕಳು ನಮ್ಮ ಮನೆಯವರು ಅಲ್ಲದವರ ಬಾಯಿಂದ ಕನ್ನಡ ಕೇಳೋದು ಎಲ್ಲಿ?

ಹೋದ ತಿಂಗಳು ನೋಡಿದ ಸಿನಿಮಾದಲ್ಲಿ ಒಂದು ಮದುವೆ ಮನೆ. ಒಬ್ಬ ಅಜ್ಜ ಬಾಗಿಲಲ್ಲಿ ಕೂತು ಮುಯ್ಯಿ ಬರೆಸಿಕೊಳ್ಳುತ್ತಿರುತ್ತಾನೆ. ಪರದೆಯ ಕೆಳಗಿನ ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ಉಡುಗೊರೆ ಅಂತಷ್ಟೇ ಬಂತು. ಮಗಳು ಬಗ್ಗಿ, “ಅಜ್ಜಿ, ಗಿಫ್ಟ್ ಯಾಕೆ ಬರೆದಿಡ್ತಾರೆ?” ಅಂತ ಕೇಳಿದಳು. ಅತ್ತೆ ಅವಳ ಅಂಗೈ ಬಿಡಿಸಿ, ಅದರ ಮೇಲೆ ಒಂದು ಬೆರಳಿಟ್ಟು ಪಿಸುಮಾತಲ್ಲಿ ಹೇಳಿದರು: ಇವತ್ತು ಅವರು ನಮಗೆ ಕೊಟ್ಟದ್ದು, ನಾಳೆ ಅವರ ಮನೆಯಲ್ಲಿ ಕಾರ್ಯ ಆದಾಗ ನಾವು ಮರೆಯದೆ ವಾಪಸ್ ಮಾಡಬೇಕು, ಅದಕ್ಕೇ ಬರೆದಿಡೋದು. ವಾರದ ನಂತರ ಮಗಳು ತಮ್ಮನಿಗೆ ಪೆನ್ಸಿಲ್ ಕೊಡುತ್ತಾ, “ಇದು ಮುಯ್ಯಿ, ನೆನಪಿಟ್ಕೋ” ಅಂದಳು. ಆ ಪದ ಕಲಿಸೋಕೆ ನಾನು ಯಾವ ಪುಸ್ತಕ ತರಬೇಕಿತ್ತು ಹೇಳಿ.

ಎಲ್ಲ ಸಲವೂ ಸುಸೂತ್ರ ಆಗೋದಿಲ್ಲ. ಒಮ್ಮೆ ಶನಿವಾರ ರಾತ್ರಿ ಶೋ ರದ್ದು ಅಂತ ಮೆಸೇಜ್ ಬಂತು. ಬುಕ್ ಆಗಿದ್ದದ್ದು ಬರೀ ಒಂಬತ್ತು ಟಿಕೆಟ್, ಅದರಲ್ಲಿ ಐದು ನಮ್ಮದೇ. ದುಡ್ಡು ಕೆಲವು ದಿನಗಳಲ್ಲಿ ವಾಪಸ್ ಬಂತು, ಆದರೆ ಹೊಸ ಸೀರೆ ತೆಗೆದಿಟ್ಟಿದ್ದ ಅತ್ತೆಗೆ ಹೇಳೋದು ಕಷ್ಟ ಆಯ್ತು. ಶುಕ್ರ, ಶನಿ, ಭಾನು ಜನ ಬರದಿದ್ದರೆ ಸೋಮವಾರದಿಂದ ಆ ಶೋ ಇರೋದಿಲ್ಲ, ಜಾಗ ಬೇರೆ ಸಿನಿಮಾಕ್ಕೆ. ಆಮೇಲೆ ನೋಡೋಣ ಅನ್ನುವ ಮಾತೇ ಇಲ್ಲಿ ನಡೆಯೋದಿಲ್ಲ. ಅವತ್ತಿನಿಂದ ನಾನು ಬುಧವಾರ ರಾತ್ರಿಯೇ ನಮ್ಮ ಕಾಲೊನಿಯ ಕನ್ನಡದವರ ವಾಟ್ಸಾಪ್ ಗುಂಪಿಗೆ ಥಿಯೇಟರ್, ಸಮಯ, ಸರ್ಟಿಫಿಕೇಟ್ ಎಲ್ಲ ಕನ್ನಡದಲ್ಲಿ ಬರೆದು ಹಾಕುತ್ತೇನೆ. ‘ಹೊಸ ಸಿನಿಮಾ ಬಂದಿದೆ, ಎಲ್ಲರೂ ನೋಡಿ’ ಅಂತ ಹಾಕಿದರೆ ಯಾರೂ ಏಳೋದಿಲ್ಲ. ‘ನಾವು ಭಾನುವಾರ ಹೋಗ್ತಿದ್ದೇವೆ, ಬರೋರು ಗುರುವಾರದೊಳಗೆ ಹೇಳಿ’ ಅಂದರೆ ಮೂರು ಮನೆಯವರಾದರೂ ಹೊರಡುತ್ತಾರೆ. ಕಳೆದ ಸಲ ಹದಿನೇಳು ಜನ ಆದೆವು. ಹೋಟೆಲಿನಲ್ಲಿ ಕೆಲಸ ಮಾಡುವ ಇಬ್ಬರು ಹುಡುಗರು ಮಾಲೀಕರ ಹತ್ತಿರ ಅರ್ಧ ದಿನ ರಜೆ ಕೇಳಿಕೊಂಡು ಬಂದಿದ್ದರು.

ಭಾನುವಾರದ ದೊಡ್ಡ ತಲೆನೋವು ಮೆಗಾಬ್ಲಾಕ್. ಹಳಿ ಕೆಲಸಕ್ಕೆ ಅಂತ ಭಾನುವಾರ ಸುಮಾರು 11ರಿಂದ 4ರವರೆಗೆ ಒಂದಲ್ಲ ಒಂದು ಕಡೆ ಲೈನ್ ಬಂದ್ ಇರುತ್ತದೆ, ಉಳಿದ ಗಾಡಿಗಳೂ ತಡ. ಯಾವ ಸ್ಟೇಷನ್ನುಗಳ ಮಧ್ಯೆ ಅಂತ ಶನಿವಾರವೇ ನೋಡಿಕೊಂಡು, ಹೋಗುವಾಗ ಬ್ಲಾಕಿಗೆ ಮುಂಚಿನ ಲೋಕಲ್ ಹಿಡಿಯುತ್ತೇವೆ. ಬರುವಾಗ ಅತ್ತೆಯನ್ನು ಆ ಜನಜಂಗುಳಿಯಲ್ಲಿ ಹತ್ತಿಸೋದು ಬೇಡ ಅಂತ ರಿಕ್ಷಾಕ್ಕೆ ಬೇರೆ ದುಡ್ಡು ತೆಗೆದಿಡುತ್ತೇನೆ. ಅವರಿಗೆ ಮಂಡಿನೋವು. ಕೆಲವು ಥಿಯೇಟರುಗಳಲ್ಲಿ ಮೇಲಿನ ಸಾಲಿಗೆ ಹೋಗೋಕೆ ಇಪ್ಪತ್ತು ಮೆಟ್ಟಿಲು ಹತ್ತಬೇಕು. ಅದಕ್ಕೇ ಬಾಗಿಲು ಯಾವ ಸಾಲಿನ ಹತ್ತಿರ ಇದೆ ಅಂತ ನೋಡಿ, ಆ ಸಾಲಿನ ತುದಿ ಸೀಟು ಅವರಿಗೆ. ಜೊತೆಗೆ ಒಂದು ಶಾಲು, ಎಸಿ ಜಾಸ್ತಿ ಇರುತ್ತದೆ. ಹೊರಗಿನ ತಿಂಡಿ ಒಳಗೆ ಬಿಡೋದಿಲ್ಲ, ಆದ್ದರಿಂದ ಶನಿವಾರವೇ ಹಿಟ್ಟು ರುಬ್ಬಿ ಇಟ್ಟು, ಬೆಳಿಗ್ಗೆ ಎಲ್ಲರಿಗೂ ಹೊಟ್ಟೆ ತುಂಬ ದೋಸೆ ಹಾಕಿಯೇ ಹೊರಡೋದು.

ಅತ್ತೆ ಮದುವೆಯಾಗಿ ಬಂದ ಹೊಸದರಲ್ಲಿ ಮಾಟುಂಗಾದ ಅರೋರಾ ಥಿಯೇಟರಿಗೆ ಹೋಗುತ್ತಿದ್ದರಂತೆ. ದಕ್ಷಿಣದ ಸಿನಿಮಾ ಅಂದರೆ ಆಗ ಅರೋರಾ. ಮಾವ ಎರಡು ವಾರ ಮುಂಚೆಯೇ ಹೇಳಿಟ್ಟು, ದಾದರ್‌ವರೆಗೆ ಗಾಡಿಯಲ್ಲಿ ಹೋಗಿ, ಅಲ್ಲಿಂದ ನಡೆಸಿಕೊಂಡು ಹೋಗುತ್ತಿದ್ದರಂತೆ. ಪ್ರತಿ ಸಲ ಲೋಕಲ್ ಹತ್ತಿದ ಮೇಲೆ ಅತ್ತೆ ಈ ಕಥೆ ಹೇಳುತ್ತಾರೆ, ಮಕ್ಕಳು ಪ್ರತಿ ಸಲ ಕೇಳುತ್ತಾರೆ.

ಈ ವಾರದ್ದು ಯುಎ 7+, ಥಾಣೆಯಲ್ಲಿ 10:15ರ ಶೋ. ಗುಂಪಿನಲ್ಲಿ ಇಲ್ಲಿಯವರೆಗೆ ಹನ್ನೊಂದು ಜನ ಹೇಳಿದ್ದಾರೆ. ಟಿಕೆಟ್ ಈ ಸಲ ಮಗಳೇ ಬುಕ್ ಮಾಡಿದಳು. ಭಾಷೆ ನೋಡಿದ್ಯಾ ಅಂತ ನಾನು ಕೇಳೋ ಮುಂಚೆಯೇ ಅಜ್ಜಿಗೆ ಫೋನ್ ತೋರಿಸಿ, ‘ಕನ್ನಡ’ ಅಂತ ಓದಿಸುತ್ತಿದ್ದಳು.