ವ್ಯಾಯಾಮ ಹಚ್ಚಿದ ಮೇಲೆ ತೂಕ ಏರಿದರೆ: ಅಳೆಯುವುದು ಹೇಗೆ, ಯಾವಾಗ ತಟ್ಟೆಗೆ ಕೈ ಹಾಕಬೇಕು

ಉಣಕಲ್ ಕೆರೆ ದಂಡೆಯ ವಾಕಿಂಗ್ ಇರಲಿ, ಧಾರವಾಡದ ಕೆಸಿಡಿ ಮೈದಾನದ ಓಟ ಇರಲಿ, ಓಣಿಯ ಜಿಮ್ ಇರಲಿ, ಹೊಸಬರ ಎರಡನೇ ವಾರದ ದೂರು ಒಂದೇ: "ಬೆವರು ಇಳಿಯಾಕತ್ತೈತಿ, ತೂಕ ಏರಾಕತ್ತೈತಿ." ಮೊದಲ ಕೆಲ ವಾರಗಳಲ್ಲಿ ಒಂದರಿಂದ ಎರಡು ಕಿಲೋ ಏರುವುದು ಮಾಮೂಲಿ. ಅದರಲ್ಲಿ ಬಹುಪಾಲು ನೀರು.

ಬೊಜ್ಜಲ್ಲ ಎಂಬುದಕ್ಕೆ ಲೆಕ್ಕ ಸಾಕು. ಒಂದು ಕಿಲೋ ಕೊಬ್ಬು ಮೈಗೆ ಹತ್ತಲು ಸುಮಾರು 7,700 ಕ್ಯಾಲೊರಿ ಹೆಚ್ಚಿಗೆ ಉಣ್ಣಬೇಕು. ವಾರದಲ್ಲಿ ಎರಡು ಕಿಲೋ ಎಂದರೆ 15,400, ದಿನಕ್ಕೆ 2,200. 45 ಗ್ರಾಂ ಹಿಟ್ಟಿನ ಜೋಳದ ರೊಟ್ಟಿಗೆ 155 ಕ್ಯಾಲೊರಿ ಹಿಡಿದರೆ, ದಿನದ ಊಟ ಮುಗಿಸಿ ಮತ್ತೆ 14 ರೊಟ್ಟಿ ತಿಂದಿರಬೇಕು. ಯಾರೂ ತಿಂದಿರುವುದಿಲ್ಲ. "ಮಸಲ್ ಬಂತು" ಎಂಬ ಸಮಾಧಾನವೂ ಇಷ್ಟು ಬೇಗ ನಿಲ್ಲುವುದಿಲ್ಲ. ಹೊಸದಾಗಿ ಭಾರ ಎತ್ತುವ ಗಂಡಸಿಗೆ ಊಟ, ನಿದ್ದೆ ಎಲ್ಲ ಸರಿಯಿದ್ದರೂ ತಿಂಗಳಿಗೆ ಅರ್ಧದಿಂದ ಒಂದು ಕಿಲೋ ಸ್ನಾಯು ಬಂದರೆ ಬಹಳವಾಯಿತು. ಹೆಂಗಸರಿಗೆ ಅದಕ್ಕಿಂತ ಕಡಿಮೆ.

ಈ ನೀರು ಹಲವು ದಾರಿಯಿಂದ ಕೂಡುತ್ತದೆ. ರೂಢಿಯಿಲ್ಲದ ಬೈಠಕ್ ಹೊಡೆದಾಗ ಸ್ನಾಯುವಿನ ಎಳೆಗಳಲ್ಲಿ ಸಣ್ಣ ಸಣ್ಣ ಗಾಯಗಳಾಗುತ್ತವೆ. ಅವುಗಳ ರಿಪೇರಿಗೆ ದೇಹ ಅಲ್ಲಿಗೆ ದ್ರವ ಕಳಿಸುತ್ತದೆ. ಮರುದಿನದಿಂದ ಮೂರನೇ ದಿನದವರೆಗೆ ಮೆಟ್ಟಿಲು ಇಳಿಯುವಾಗ ತೊಡೆ ಹಿಡಿದುಕೊಳ್ಳುವುದು ಇದೇ ಕಾರಣಕ್ಕೆ. ಎರಡನೆಯದು ಗ್ಲೈಕೋಜನ್. ದುಡಿಯುವ ಸ್ನಾಯು ತನ್ನೊಳಗೆ ಹೆಚ್ಚು ಸಕ್ಕರೆ ಕೂಡಿಡುವುದನ್ನು ಕಲಿಯುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಜೊತೆಗೆ ಸುಮಾರು ಮೂರು ಗ್ರಾಂ ನೀರು ಸೇರುತ್ತದೆ, ಹಾಗಾಗಿ ದಾಸ್ತಾನು 200 ಗ್ರಾಂ ಹೆಚ್ಚಿದರೆ ಮಾಪಕದಲ್ಲಿ 800 ಗ್ರಾಂ ಕಾಣುತ್ತದೆ. ಓಟ, ಸೈಕಲ್ ಹಚ್ಚಿದವರಲ್ಲಿ ರಕ್ತದ ನೀರಿನಂಶವೂ ಮೊದಲ ವಾರದಲ್ಲೇ ಏರುತ್ತದೆ. ಇದೆಲ್ಲ ಒಳ್ಳೆಯ ಬದಲಾವಣೆಯೇ. ಎರಡರಿಂದ ನಾಲ್ಕು ವಾರದಲ್ಲಿ ಏರಿಕೆ ನಿಲ್ಲುತ್ತದೆ. ಆಮೇಲೆ ವ್ಯಾಯಾಮದ ಬಗೆ ಬದಲಿಸಿದಾಗ ಮತ್ತೊಮ್ಮೆ ತುಸು ಏರಬಹುದು.

ಸ್ನಾಯುವಿನ ಬಲಕ್ಕೆಂದು ಜಿಮ್‌ಗೆ ಹೋಗುವವರು ಸೇವಿಸುವ ಕ್ರಿಯಾಟಿನ್ ಪುಡಿ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ದಿನಕ್ಕೆ 3ರಿಂದ 5 ಗ್ರಾಂ ಪ್ರಮಾಣದಲ್ಲೇ ಅದು ಸ್ನಾಯುವಿನೊಳಗೆ ಒಂದು ಕಿಲೋದಷ್ಟು ನೀರು ಹಿಡಿದಿಡಬಲ್ಲದು. ಜಿಮ್‌ನಲ್ಲಿ ಯಾರೋ ಕೊಟ್ಟ ಡಬ್ಬಿಯ ಮೇಲೆ "ಗೇನರ್" ಎಂದಿದ್ದರೆ ಕಥೆಯೇ ಬೇರೆ. ಅದರ ಕೆಲಸವೇ ತೂಕ ಏರಿಸುವುದು.

ಮೊದಲು ಅಳತೆ ಸರಿಮಾಡಿ

ತೂಕದ ಯಂತ್ರಕ್ಕೆ ಒಂದು ಕಾಯಂ ಜಾಗ ಗೊತ್ತು ಮಾಡಿ. ಶಹಾಬಾದ್ ಕಲ್ಲಿನ ನೆಲವಿದ್ದರೆ ಯಂತ್ರದ ನಾಲ್ಕೂ ಕಾಲು ಒಂದೇ ಕಲ್ಲಿನ ಮೇಲೆ ಕೂಡಬೇಕು. ಒಂದು ಕಾಲು ಸಂದಿಗೆ ಬಿದ್ದರೂ ಅಂಕಿ ಬದಲಾಗುತ್ತದೆ. ಚಾಪೆ, ಜಮಖಾನೆಯ ಮೇಲೆ ಇಡಬೇಡಿ. ಯಂತ್ರದ ಮೇಲೆ ಅನುಮಾನ ಬಂದರೆ ಬರಿಗೈಲಿ ಒಮ್ಮೆ, ಒಡೆಯದ ಐದು ಕಿಲೋ ಹಿಟ್ಟಿನ ಪಾಕೀಟು ಹಿಡಿದು ಒಮ್ಮೆ ನಿಲ್ಲಿ. ವ್ಯತ್ಯಾಸ ಐದಕ್ಕಿಂತ ಬಹಳ ಆಚೀಚೆ ಆದರೆ ಸೆಲ್ ಬದಲಿಸಿ ನೋಡಿ.

ಬೆಳಿಗ್ಗೆ ಎದ್ದು, ಶೌಚ ಮುಗಿಸಿ, ನೀರು ಚಹಾ ಯಾವುದೂ ಕುಡಿಯುವ ಮೊದಲು ತೂಕ ನೋಡಿ ಬರೆದಿಡಿ. ಒಂದು ದಿನದ ಅಂಕಿಗೆ ಬೆಲೆ ಕೊಡಬೇಡಿ. ಹಿಂದಿನ ರಾತ್ರಿ ಮದುವೆ ಊಟದಲ್ಲಿ ಹಪ್ಪಳ, ಉಪ್ಪಿನಕಾಯಿ ಜೋರಾಗಿದ್ದರೆ ಮರುದಿನ ಒಂದು ಕಿಲೋ ಏರಿರುತ್ತದೆ. ಏಳು ದಿನದ ಅಂಕಿ ಕೂಡಿಸಿ ಏಳರಿಂದ ಭಾಗಿಸಿ, ಬಂದ ಸರಾಸರಿಯನ್ನು ಹಿಂದಿನ ವಾರದ ಸರಾಸರಿಯ ಪಕ್ಕ ಇಟ್ಟು ನೋಡಿ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಹೆಂಗಸರಿಗೆ ಒಂದೆರಡು ಕಿಲೋ ನೀರು ಕೂಡುವುದುಂಟು, ಹಾಗಾಗಿ ಅವರು ಹಿಂದಿನ ತಿಂಗಳ ಅದೇ ದಿನಗಳ ಜೊತೆ ಹೋಲಿಸಬೇಕು.

ತೂಕಕ್ಕಿಂತ ಟೇಪನ್ನು ನಂಬಿ. ಟೇಲರ್ ಟೇಪನ್ನು ಕೊನೆಯ ಪಕ್ಕೆಲುಬು ಮತ್ತು ಸೊಂಟದ ಎಲುಬಿನ ಮೇಲ್ತುದಿ, ಇವೆರಡರ ನಟ್ಟ ನಡುವೆ ಸುತ್ತಿ, ಸಹಜವಾಗಿ ಉಸಿರು ಬಿಟ್ಟ ಮೇಲೆ ಓದಿ. ಹೊಟ್ಟೆ ಒಳಗೆ ಎಳೆದುಕೊಂಡರೆ ಮೋಸ ಹೋಗುವವರು ನೀವೇ. ಪ್ಯಾಂಟಿನ ಸೈಜ್ ಲೆಕ್ಕಕ್ಕೆ ಬರುವುದಿಲ್ಲ, ಏಕೆಂದರೆ ಅನೇಕರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟಿರುತ್ತಾರೆ. ಎರಡು ವಾರಕ್ಕೊಮ್ಮೆ ಅಳೆದರೆ ಸಾಕು. ನಮ್ಮ ದೇಶದವರಿಗೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ದಾಟಿದ ಸೊಂಟವನ್ನು ಅಪಾಯದ ಗುರುತು ಎಂದು ಹಿಡಿಯುತ್ತಾರೆ.

ಗಾಬರಿಯಲ್ಲಿ ಮಾಡಬಾರದ್ದು

ನೀರು ಕುಡಿಯುವುದನ್ನು ಕಡಿಮೆ ಮಾಡುವುದು, ಪ್ಲಾಸ್ಟಿಕ್ ಜಾಕೆಟ್ ಹಾಕಿ ಓಡುವುದು, ರಾತ್ರಿ ಊಟ ಬಿಡುವುದು, ಒಂದು ತಾಸಿನ ವ್ಯಾಯಾಮವನ್ನು ಎರಡು ತಾಸು ಮಾಡುವುದು. ಹುಬ್ಬಳ್ಳಿಯ ಏಪ್ರಿಲ್ ಬಿಸಿಲಿನಲ್ಲಿ ಮೊದಲಿನ ಎರಡು ಅಪಾಯಕಾರಿಯೇ. ಬೆವರಿನಿಂದ ಹೋದ ತೂಕ ಎರಡು ತಂಬಿಗೆ ನೀರಿಗೆ ಮರಳಿ ಬರುತ್ತದೆ. ಉಪ್ಪನ್ನು ಪೂರ್ತಿ ಬಿಡುವುದೂ ಬೇಡ, ಉಪ್ಪಿನಕಾಯಿ ಹಪ್ಪಳದ್ದೂ ಸೇರಿ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚದೊಳಗೆ ಇರಲಿ.

ತಟ್ಟೆಯ ಲೆಕ್ಕ

ಆರು ವಾರದ ಮೇಲೂ ಸರಾಸರಿ ಏರುತ್ತಲೇ ಇದ್ದರೆ, ಸೊಂಟವೂ ಹಿಗ್ಗುತ್ತಿದ್ದರೆ, ಆಗ ನೀರಿನ ಮೇಲೆ ಹಾಕಿ ಕೂಡುವಂತಿಲ್ಲ. 70 ಕಿಲೋ ತೂಕದವರು ಮುಕ್ಕಾಲು ತಾಸು ಚುರುಕಾಗಿ ನಡೆದರೆ ಕರಗುವುದು ಸುಮಾರು 180 ಕ್ಯಾಲೊರಿ. ವಾಪಸ್ ಬರುವಾಗ ಲೈನ್ ಬಜಾರಿನಲ್ಲಿ ಎರಡು ಪೇಡೆ ಬಾಯಿಗೆ ಹಾಕಿಕೊಂಡರೆ ಅಷ್ಟೂ ಮರಳಿ ಬಂತು. ಗಿರಮಿಟ್ ಹಗುರ ಎಂದು ಎಲ್ಲರೂ ಹೇಳುತ್ತಾರೆ. ಚುರುಮುರಿ ಹಗುರವೇ, ನಿಜ. ಆದರೆ ಅದಕ್ಕೆ ಕಲಸುವ ಉಳ್ಳಾಗಡ್ಡಿ ಒಗ್ಗರಣೆಯ ಎಣ್ಣೆ, ಮೇಲೆ ಉದುರಿಸುವ ಸೇವು, ಪಕ್ಕಕ್ಕೆ ಬರುವ ಎರಡು ಮಿರ್ಚಿ ಹಗುರವಲ್ಲ. ಒಂದು ಟೇಬಲ್ ಚಮಚ ಎಣ್ಣೆಗೇ 120 ಕ್ಯಾಲೊರಿ.

ಮನೆಯ ಎಣ್ಣೆಯನ್ನು ಚಮಚದಲ್ಲಿ ಅಳೆಯುವುದು ಎರಡು ದಿನದ ಉತ್ಸಾಹ. ಅದಕ್ಕಿಂತ ಕ್ಯಾನಿನ ಲೆಕ್ಕ ಸುಲಭ. ನಾಲ್ಕು ಜನರ ಮನೆಗೆ ತಿಂಗಳಿಗೆ ನಾಲ್ಕು ಲೀಟರ್ ಹೋದರೆ ತಲೆಗೆ ದಿನಕ್ಕೆ 33 ಮಿ.ಲೀ. ಆಯಿತು. ಎರಡೂವರೆ ಲೀಟರಿಗೆ ಇಳಿಸಿದರೆ 21 ಮಿ.ಲೀ., ಪ್ರತಿಯೊಬ್ಬರಿಗೂ ದಿನಕ್ಕೆ ನೂರು ಕ್ಯಾಲೊರಿ ಉಳಿತಾಯ. ಎಣ್ಣೆಗಾಯಿ ಬಿಡಬೇಕಿಲ್ಲ. ಬದನೆಕಾಯಿ ಬೆಂದ ಮೇಲೆ ಮೇಲಕ್ಕೆ ತೇಲಿ ಬರುವ ಎಣ್ಣೆಯನ್ನು ರೊಟ್ಟಿಯಲ್ಲಿ ಒರೆಸಿ ತಿನ್ನುವುದನ್ನು ಬಿಟ್ಟರೆ ಸಾಕು. ಶೇಂಗಾ ಹಿಂಡಿಯೂ ಹಾಗೆಯೇ, ಒಳ್ಳೆಯ ಪದಾರ್ಥ, ಆದರೆ 20 ಗ್ರಾಂಗೆ ನೂರರ ಮೇಲೆ ಕ್ಯಾಲೊರಿ. ಡಬ್ಬಿಯನ್ನು ತಾಟಿನ ಪಕ್ಕ ಇಟ್ಟುಕೊಳ್ಳದೆ, ಬೇಕಾದಷ್ಟು ಒಮ್ಮೆಲೇ ಬಡಿಸಿಕೊಂಡು ಮುಚ್ಚಿಡಿ.

ದಿನಕ್ಕೆ 300 ಕ್ಯಾಲೊರಿ ಇಳಿಸಿದರೆ ಸಾಕು: ಒಂದು ರೊಟ್ಟಿ ಕಡಿಮೆ (155), ಮೂರು ಚಹಾದಲ್ಲಿ ಒಂದೊಂದು ಚಮಚ ಸಕ್ಕರೆ ಕಡಿಮೆ (60), ಎಣ್ಣೆ 10 ಮಿ.ಲೀ. ಕಡಿಮೆ (80). ಮಡಕಿ ಕಾಳು, ಹೆಸರುಕಾಳಿನ ಪಲ್ಯ, ಮೊಸರು, ತತ್ತಿ ಇವನ್ನು ಮಾತ್ರ ಕಡಿಮೆ ಮಾಡಬೇಡಿ. ಹಸಿವೆ ತಡೆಯುವುದೂ ಸ್ನಾಯು ಕಾಯುವುದೂ ಅವೇ. ಈ ಬದಲಾವಣೆಯನ್ನು ಎರಡು ವಾರ ಹಾಗೆಯೇ ನಡೆಸಿ, ಆಮೇಲೆ ಸರಾಸರಿ ನೋಡಿ. ಇದರೊಂದಿಗೆ ಉಳಿದ ಹೊತ್ತಿನ ಓಡಾಟವನ್ನೂ ಗಮನಿಸಿ. ಬೆಳಿಗ್ಗೆ ಜಿಮ್ ಆಯಿತೆಂದು ಮಧ್ಯಾಹ್ನ ಎರಡು ತಾಸು ಮಲಗಿ, ಓಣಿಯ ಅಂಗಡಿಗೂ ಸ್ಕೂಟರ್ ತೆಗೆದರೆ ಬೆಳಗಿನ ಗಳಿಕೆ ಅಲ್ಲೇ ಖರ್ಚಾಗುತ್ತದೆ.

ತೂಕ ನಿಂತಲ್ಲೇ ನಿಂತು ಸೊಂಟ ಇಳಿಯುತ್ತಿದ್ದರೆ ಏನನ್ನೂ ಬದಲಿಸಬೇಡಿ. ನಿಮಗೆ ಬೇಕಾದದ್ದು ಅದೇ.

ಡಾಕ್ಟರಿಗೆ ತೋರಿಸಬೇಕಾದ್ದು

ಒಂದೆರಡು ದಿನದಲ್ಲಿ ತೂಕ ಸರ್ರನೆ ಏರಿ, ಕಾಲಿನ ಗಂಟಿನ ಬಳಿ ಬಾವು ಬಂದು, ಒತ್ತಿದ ಬೆರಳಿನ ಗುಳಿ ಹಾಗೇ ಉಳಿದರೆ, ಅಥವಾ ಮಲಗಿದಾಗ ಉಸಿರು ಕಟ್ಟಿದರೆ ಅದು ವ್ಯಾಯಾಮದ ನೀರಲ್ಲ; ಹೃದಯ, ಮೂತ್ರಪಿಂಡ ನೋಡಿಸಬೇಕು, ಅದೂ ಅಂದೇ. ವಿಪರೀತ ವ್ಯಾಯಾಮದ ಮರುದಿನ ತಡೆಯಲಾಗದ ಸ್ನಾಯು ನೋವಿನ ಜೊತೆ ಮೂತ್ರ ಕಡುಗಂದು ಬಣ್ಣಕ್ಕೆ ತಿರುಗಿದರೆ ತಕ್ಷಣ ಆಸ್ಪತ್ರೆಗೆ ಹೋಗಿ, ಮೂತ್ರಪಿಂಡಕ್ಕೆ ಪೆಟ್ಟು ಬೀಳುವ ಸ್ಥಿತಿ ಅದು. ಸದಾ ಸುಸ್ತು, ಮಲಬದ್ಧತೆ, ಚಳಿ ತಾಳದಿರುವುದು ಜೊತೆಗಿದ್ದರೆ ಥೈರಾಯ್ಡ್‌ಗಾಗಿ ಟಿಎಸ್‌ಎಚ್ ಪರೀಕ್ಷೆ ಮಾಡಿಸಿ. ಸ್ಟೆರಾಯ್ಡ್, ಇನ್ಸುಲಿನ್, ಮಧುಮೇಹದ ಕೆಲವು ಗುಳಿಗೆ, ಮಾನಸಿಕ ಕಾಯಿಲೆಯ ಕೆಲವು ಔಷಧಗಳೂ ತೂಕ ಏರಿಸುತ್ತವೆ. ಅವನ್ನು ನೀವಾಗಿಯೇ ನಿಲ್ಲಿಸಬೇಡಿ. ಗುಳಿಗೆಯ ಚೀಟಿ ಮತ್ತು ನಾಲ್ಕು ವಾರದ ತೂಕದ ಸರಾಸರಿ ಬರೆದ ಹಾಳೆ ಎರಡನ್ನೂ ಒಯ್ದು ತೋರಿಸಿ.