ಖಾರಪುಡಿ ಎಣಿಸೋಕೆ ಬರುತ್ತಾ? ನಾನು ನೌನ್ ಕಲಿಸಿದ್ದು ಹೀಗೆ

ಹಾವೇರಿ ಜಿಲ್ಲೆಯ ಒಂದು ಹಳ್ಳಿ ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ಮಕ್ಕಳೆಲ್ಲ ಕನ್ನಡ ಮಾಧ್ಯಮದವರು. ಮೊದಮೊದಲು ನೌನ್, ಅಂದರೆ ನಾಮಪದದ ಪಾಠ ಬಂದರೆ ಬೋರ್ಡಿನ ಮೇಲೆ ಅದರ ಐದು ವಿಧಗಳ ಹೆಸರು ಬರೆಯುತ್ತಿದ್ದೆ: ಪ್ರಾಪರ್, ಕಾಮನ್, ಕಲೆಕ್ಟಿವ್ (ಗುಂಪಿನ ಹೆಸರು), ಮೆಟೀರಿಯಲ್ (ಪದಾರ್ಥದ ಹೆಸರು), ಆಬ್‌ಸ್ಟ್ರಾಕ್ಟ್ (ಗುಣ, ಭಾವದ ಹೆಸರು). ಮಕ್ಕಳು ಬಾಯಿಪಾಠ ಮಾಡಿ ಪಟಪಟ ಹೇಳುತ್ತಿದ್ದರು. ಆ ಪ್ರಶ್ನೆಗೆ ಅಂಕವೂ ಬರುತ್ತಿತ್ತು. ಆದರೆ ಅದೇ ಮಕ್ಕಳ ಪ್ರಬಂಧ ತೆರೆದರೆ ‘ಫೈವ್ ಬುಕ್’, ‘ಮೆನಿ ವಾಟರ್’, ‘ಹೋಮ್‌ವರ್ಕ್ಸ್’. ವಿಧ ಗೊತ್ತು, ಬಳಸೋದು ಗೊತ್ತಿಲ್ಲ. ಇದು ನನಗೆ ಬಹಳ ಕಾಡಿತು.

ಒಂದು ಸಂಜೆ ಉತ್ತರಪತ್ರಿಕೆ ಹರಡಿಕೊಂಡು ಬರೀ ತಪ್ಪುಗಳನ್ನೇ ನೋಡುತ್ತಾ ಕೂತೆ. ಮಕ್ಕಳು ಸರಿಯಾದ ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದರು. ಅಂಗಡಿಯಲ್ಲಿ ನಾವು ‘ಐದು ಪುಸ್ತಕ ಕೊಡ್ರಿ’ ಅಂತೀವಿ. ಐದು ಅಂದ ಮೇಲೆ ಮತ್ತೆ ‘ಗಳು’ ಯಾಕೆ, ಅಲ್ವಾ? ಇಂಗ್ಲಿಷಿಗೆ ಅಲ್ಲೂ ಎಸ್ ಬೇಕು. ಹಾಗೆಯೇ ‘ಎಷ್ಟು ಪುಸ್ತಕ’, ‘ಎಷ್ಟು ನೀರು’ ಎರಡಕ್ಕೂ ನಮಗೆ ಒಂದೇ ‘ಎಷ್ಟು’ ಸಾಕು. ಇಂಗ್ಲಿಷಿನಲ್ಲಿ ಎಣಿಸೋದಕ್ಕೆ ‘ಹೌ ಮೆನಿ’, ಅಳೆಯೋದಕ್ಕೆ ‘ಹೌ ಮಚ್’. ಈ ಗೆರೆ ತೋರಿಸದೆ ಸುಮ್ನೆ ಐದು ಹೆಸರು ಹೇಳಿಕೊಟ್ಟಿದ್ದು ನನ್ನ ತಪ್ಪು.

ಮರುವರ್ಷ ಎಂಟನೇ ತರಗತಿಗೆ ಹತ್ತು ಒಣ ಬ್ಯಾಡಗಿ ಮೆಣಸಿನಕಾಯಿ, ಒಂದು ಪೊಟ್ಟಣ ಖಾರಪುಡಿ ಒಯ್ದೆ. ಬ್ಯಾಡಗಿ ನಮ್ಮ ಜಿಲ್ಲೆಯದೇ. ಅಲ್ಲಿನ ಮಾರ್ಕೆಟ್ಟಿಗೆ ಮೆಣಸಿನಕಾಯಿ ಚೀಲ ಹೋಗೋದನ್ನು ನೋಡದ ಮಕ್ಕಳಿಲ್ಲ. ಸುಕ್ಕುಗಟ್ಟಿದ ಉದ್ದುದ್ದ ಕಡ್ಡಿ ಕಾಯಿಗಳನ್ನು ಟೇಬಲ್ ಮೇಲೆ ಸಾಲಾಗಿ ಇಟ್ಟು ಎಣಿಸಲು ಹೇಳಿದೆ. ‘ವನ್ ಚಿಲ್ಲಿ, ಟು ಚಿಲ್ಲೀಸ್’ ಅಂತ ಹತ್ತರವರೆಗೂ ಬಂತು. ಆಮೇಲೆ ಪೊಟ್ಟಣ ಬಿಚ್ಚಿ, ಈಗ ಇದನ್ನು ಎಣಿಸಿ ಅಂದೆ. ಮುಂದೆ ಕೂತ ಹುಡುಗಿಗೆ ಘಾಟು ಹತ್ತಿ ಎರಡು ಸಲ ಸೀನಿದಳು. ಮೂಗು ಒರೆಸಿಕೊಂಡು, ‘ಖಾರಪುಡಿ ಎಣಿಸಾಕ ಬರಂಗಿಲ್ಲರೀ ಸರ್, ತೂಗಬೇಕ್ರೀ’ ಅಂದಳು.

ಅವಳ ಮಾತನ್ನೇ ಬೋರ್ಡಿನ ಮೇಲೆ ಬರೆದೆ. ಕೌಂಟಬಲ್, ಅನ್‌ಕೌಂಟಬಲ್ ಅನ್ನೋ ಹೆಸರು ಆಮೇಲೆ ಬಂತು. ತೂಗುವ, ಅಳೆಯುವ ಪದಕ್ಕೆ ಮುಂದೆ ‘ಎ’ ಹತ್ತೋದಿಲ್ಲ, ಕೊನೆಗೆ ಎಸ್ ಹತ್ತೋದಿಲ್ಲ, ‘ಮೆನಿ’ ಕೂಡ ಹೊಂದೋದಿಲ್ಲ. ಎಣಿಸಲೇಬೇಕು ಅಂದರೆ ಪೊಟ್ಟಣ ಎಣಿಸಬೇಕು: ‘ಟು ಪ್ಯಾಕೆಟ್ಸ್ ಆಫ್ ಚಿಲ್ಲಿ ಪೌಡರ್’.

ನೀರು, ಹಾಲು, ಹಣ ಅಂತ ಉದಾಹರಣೆ ಕೊಡುತ್ತಿದ್ದಾಗ ಹಿಂದಿನ ಬೆಂಚಿನವನು ಎದ್ದ. ‘ರೊಕ್ಕ ಎಣಿಸ್ತೀವಲ್ರೀ ಸರ್?’ ಒಳ್ಳೆಯ ಪ್ರಶ್ನೆ. ‘ನೀ ಎಣಿಸೂದು ರೂಪಾಯಿ. ಹತ್ತು ರೂಪಾಯಿ ಅಂತಿ, ಹತ್ತು ರೊಕ್ಕ ಅಂತಿಯೇನು?’ ಅಂದೆ. ಸ್ವಲ್ಪ ಯೋಚಿಸಿ ಕೂತ. ರುಪೀ ಕೌಂಟಬಲ್, ಮನಿ ಅನ್‌ಕೌಂಟಬಲ್. ಅವತ್ತಿನಿಂದ ಆ ಪದ ಯಾರೂ ತಪ್ಪಿಲ್ಲ.

ಕೆಲವು ಪದಗಳಿಗೆ ಈ ಉಪಾಯ ನಡೆಯೋದಿಲ್ಲ. ಇನ್ಫರ್ಮೇಷನ್, ಅಡ್ವೈಸ್, ಫರ್ನಿಚರ್, ಲಗೇಜ್, ಹೋಮ್‌ವರ್ಕ್. ಕನ್ನಡದಲ್ಲಿ ‘ಎರಡು ಸಲಹೆ’ ಅನ್ನಬಹುದು, ‘ಸಲಹೆಗಳು’ ಅಂತಲೂ ಅನ್ನಬಹುದು. ಇಂಗ್ಲಿಷ್ ಇವನ್ನೆಲ್ಲ ರಾಶಿ ಅಂತಲೇ ನೋಡುತ್ತದೆ, ಬಿಡಿಬಿಡಿಯಾಗಿ ನೋಡೋದಿಲ್ಲ. ಇಲ್ಲಿ ಬಾಯಿಪಾಠವೇ ಗತಿ ಅಂತ ಮಕ್ಕಳಿಗೆ ನೇರವಾಗಿ ಹೇಳಿ, ಪಟ್ಟಿ ಬರೆದು ಗೋಡೆಗೆ ಅಂಟಿಸಿದ್ದೇನೆ.

ಕಾಮನ್, ಪ್ರಾಪರ್ ಕಲಿಸೋದು ಸುಲಭ. ಕನ್ನಡ ವ್ಯಾಕರಣದ ರೂಢನಾಮ, ಅಂಕಿತನಾಮ ಮಕ್ಕಳಿಗೆ ಮೊದಲೇ ಗೊತ್ತಿರುತ್ತದೆ. ವ್ಯಾಪಾರಿ, ಶಿಕ್ಷಕ ಇಂಥ, ಕೆಲಸ ಅಥವಾ ಗುಣದಿಂದ ಬಂದ ಅನ್ವರ್ಥನಾಮಗಳಿಗೆ ಮಾತ್ರ ಇಂಗ್ಲಿಷಿನಲ್ಲಿ ಬೇರೆ ಮನೆ ಇಲ್ಲ, ಅವೂ ಕಾಮನ್ ನೌನೇ. ಕಷ್ಟ ಇರೋದು ಕ್ಯಾಪಿಟಲ್ ಅಕ್ಷರದಲ್ಲಿ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಅಂತ ಇಲ್ಲವಲ್ಲ! ಇದಕ್ಕೆ ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ರೈಲ್ವೆ ಸ್ಟೇಷನ್ ಉದಾಹರಣೆ ಕೊಡುತ್ತೇನೆ. ಅಲ್ಲಿನ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಅಂದರೆ ಮಕ್ಕಳ ಕಿವಿ ನೆಟ್ಟಗಾಗುತ್ತದೆ. ಪೂರ್ತಿ ಹೆಸರು ಬರೆದಾಗ ‘ಸ್ಟೇಷನ್’ಗೂ ದೊಡ್ಡ ಎಸ್. ‘ನಾನು ಸ್ಟೇಷನ್ನಿಗೆ ಹೋದೆ’ ಅಂದಾಗ ಚಿಕ್ಕ ಎಸ್. ವಾರ, ತಿಂಗಳು, ಭಾಷೆಯ ಹೆಸರೂ ದೊಡ್ಡಕ್ಷರದಿಂದಲೇ. ‘ಕನ್ನಡ’ ಅಂತ ಬರೆಯುವಾಗ ಚಿಕ್ಕ ಕೆ ಹಾಕಿದರೆ ಮಾತ್ರ ನಾನು ಬಿಡೋದಿಲ್ಲ.

ಆಬ್‌ಸ್ಟ್ರಾಕ್ಟ್‌ಗೂ ಟೇಬಲ್ ಮೇಲಿನ ಮೆಣಸಿನಕಾಯಿಯೇ ಸಾಕಾಯಿತು. ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ. ಕಾಯಿ ಕೈಗೆ ಸಿಗುತ್ತದೆ, ಆ ಕೆಂಪನ್ನೇ ಬೇರೆ ಮಾಡಿ ಹಿಡಿಯೋಕೆ ಆಗುತ್ತಾ? ರೆಡ್ ಗುಣ ಹೇಳುವ ಪದ, ರೆಡ್‌ನೆಸ್ ಆ ಗುಣದ ಹೆಸರು. ಕಲೆಕ್ಟಿವ್‌ಗೆ ಕುರಿ ಹಿಂಡು ಅಂದರೆ ಮುಗಿಯಿತು.

ಈಗ ನಾನು ‘ಪೇಪರ್ ಯಾವ ನೌನ್’ ಅಂತ ಬರೀ ಪದ ಕೊಟ್ಟು ಕೇಳೋದಿಲ್ಲ. ಬರೆಯೋ ಕಾಗದ ಆದರೆ ಅನ್‌ಕೌಂಟಬಲ್, ಓದೋ ಪತ್ರಿಕೆ ಆದರೆ ಕೌಂಟಬಲ್. ಚಿಕನ್ ಕೂಡ ಹಾಗೇ, ಅಂಗಳದಲ್ಲಿ ಓಡುವಾಗ ಎಣಿಸ್ತೀವಿ, ಸಾರಿಗೆ ಬಿದ್ದ ಮೇಲೆ ತೂಗ್ತೀವಿ. ಮೊನ್ನೆ ಒಂದು ಟೆಸ್ಟಿನಲ್ಲಿ ಹಳೇ ಚಾಳಿಯಂತೆ ‘ಗ್ಲಾಸ್’ ಅಂತ ಒಂದೇ ಪದ ಕೊಟ್ಟುಬಿಟ್ಟೆ. ಸೀನಿದ್ದ ಹುಡುಗಿ ಈಗ ಒಂಬತ್ತನೇ ತರಗತಿ. ಪೇಪರ್ ಹಿಡಿದುಕೊಂಡು ನನ್ನ ಹತ್ತಿರ ಬಂದಳು. ‘ಕಿಟಕಿಗೆ ಹಾಕೂದೋ, ಚಾ ಕುಡಿಯೂದೋ, ಯಾವ ಗ್ಲಾಸ್‌ರೀ ಸರ್?’